ಬ್ರೋಷರ್‌ನಲ್ಲಿ ಬರ್ಲಿನ್, ಹಡಗು ನಿಂತಿದ್ದು ಇನ್ನೆಲ್ಲೋ: ಕ್ರೂಸ್ ಬುಕ್ ಮಾಡುವವರೇ, ಸ್ವಲ್ಪ ತಡೀರಿ

ಗೆಳತಿಯರ ಜೊತೆ ಯೂರೋಪಿನ ಕ್ರೂಸ್‌ಗೆ ಹೊರಟಿದ್ದೀರಾ? ಏಜೆಂಟ್ "ಎಲ್ಲಾ ಸೇರಿದೆ ಮೇಡಂ, ನೀವು ಬಟ್ಟೆ ತಗೊಂಡು ಬಂದ್ರೆ ಸಾಕು" ಅಂದಿದ್ದಾನಾ? ಹಾಗಿದ್ದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ಕಟ್ಟಿಬಿಟ್ಟಿದ್ದರೂ ಓದಿ.

ನಾವು ಒಂದೇ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮೈಸೂರಿನ ಹೆಂಗಸರು. ಜೀವನಪೂರ್ತಿ ಬೇರೆಯವರ ಸಹಿ, ಬೇರೆಯವರ ಕಾಗದಪತ್ರ ತಿರುಗಿಸಿ ಮುರುಗಿಸಿ ನೋಡಿದವರು. ನಮಗೇ ಒಬ್ಬ ಏಜೆಂಟ್ ಹುಡುಗ ಟೋಪಿ ಹಾಕಿದ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ. ಅವನ ಹೆಸರು ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಅದರ ಪಾಡಿಗೆ ನಡೆಯಲಿ.

ಹೋಗಿದ್ದು 2025ರ ಜೂನ್‌ನಲ್ಲಿ. ವಾಟ್ಸಾಪ್‌ನಲ್ಲಿ ಬಂದ ಪೋಸ್ಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಇದ್ದಿದ್ದು ಹೀಗೆ: ಕೋಪನ್‌ಹೇಗನ್, ಬರ್ಲಿನ್, ಟ್ಯಾಲಿನ್, ಹೆಲ್ಸಿಂಕಿ, ಸ್ಟಾಕ್‌ಹೋಮ್. ಕೆಳಗೆ "ಪ್ರತಿ ಊರಿನಲ್ಲೂ ಸೈಟ್‌ಸೀಯಿಂಗ್ ಸೇರಿದೆ". ಹಿಂದೆ ಬಣ್ಣಬಣ್ಣದ ಗುಮ್ಮಟಗಳ ಚರ್ಚ್ ಚಿತ್ರ. ಆ ಚರ್ಚ್ ಇರುವುದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 2022ರಲ್ಲಿ ಯುದ್ಧ ಶುರುವಾದ ಮೇಲೆ ದೊಡ್ಡ ಕ್ರೂಸ್ ಕಂಪನಿಗಳು ಆ ಊರನ್ನೇ ಕೈಬಿಟ್ಟಿವೆ. ಕೇಳಿದ್ದಕ್ಕೆ "ಅದು ಡಿಸೈನ್‌ಗೆ ಹಾಕಿರೋದು ಮೇಡಂ" ಅಂದ.

ಕೊಟೇಶನ್‌ನಲ್ಲಿ ಎಲ್ಲ ಬಿಡಿಬಿಡಿಯಾಗಿ ಬರೆದಿದ್ದ. ಹಡಗಿನ ಟಿಕೆಟ್, ಪೋರ್ಟ್ ಚಾರ್ಜ್, ವಿಮಾನ, ವೀಸಾ, ಇನ್ಶೂರೆನ್ಸ್. ಅದರ ಕೆಳಗೆ ಒಂದು ಸಾಲು: ಶೋರ್ ಎಕ್ಸ್‌ಕರ್ಷನ್, ತಲಾ 38,000 ರೂಪಾಯಿ. ಅಂದರೆ ಹಡಗು ನಿಂತ ಊರಲ್ಲಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸುವುದಕ್ಕೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕೋಪನ್‌ಹೇಗನ್‌ನಲ್ಲಿ ಹಡಗು ಹತ್ತಿದೆವು. ಮೊದಲ ಶಾಕ್ ರೂಮು. "ಸೀ ವ್ಯೂ" ಅಂದಿದ್ದ. ಕಿಟಕಿ ಪರದೆ ಸರಿಸಿದರೆ ಎದುರಿಗೆ ಕಿತ್ತಳೆ ಬಣ್ಣದ ಲೈಫ್‌ಬೋಟಿನ ಹೊಟ್ಟೆ. ಅದರ ಮೇಲಿನ ಮೊಳೆ, ಹಗ್ಗದ ಕೊಂಡಿ ಎಲ್ಲ ಎಣಿಸಬಹುದು. ಸಮುದ್ರ ಮಾತ್ರ ಇಲ್ಲ. ಕುತ್ತಿಗೆ ಸೊಟ್ಟ ಮಾಡಿದರೆ ಮೂಲೆಯಲ್ಲಿ ಒಂದಿಷ್ಟು ನೀಲಿ. ಇಂಥ ರೂಮನ್ನು "ಅಬ್‌ಸ್ಟ್ರಕ್ಟೆಡ್ ವ್ಯೂ" ಅಂತ ಕಂಪನಿಯವರೇ ಕಡಿಮೆ ರೇಟಿಗೆ ಮಾರುತ್ತಾರೆ. ನಮ್ಮ ಟಿಕೆಟ್‌ನಲ್ಲೂ ಹಾಗೇ ಇತ್ತು. ಆದರೆ ಆ ಟಿಕೆಟ್ ಅವನು ಕಳಿಸಿದ್ದು ಹೊರಡುವ ಹಿಂದಿನ ರಾತ್ರಿ. ಫೋಟೋ ತೆಗೆದು ಅವನಿಗೆ ಹಾಕಿದೆ. ಉತ್ತರ ಬಂತು: "ಲೈಫ್‌ಬೋಟ್ ಹತ್ರ ಇದ್ರೆ ಸೇಫ್ಟಿ ಅಲ್ವಾ ಮೇಡಂ?" ಜೊತೆಗೆ ನಗುವ ಗೊಂಬೆ ಬೇರೆ.

ಹೋಗಲಿ, ರೂಮಲ್ಲಿ ಎಷ್ಟು ಹೊತ್ತು ಇರ್ತೀವಿ ಅಂತ ಸುಮ್ಮನಾದೆವು. ಊರು ನೋಡೋಕೆ ತಾನೇ ಬಂದಿರೋದು.

ಸಂಜೆ ಶೋರ್ ಎಕ್ಸ್‌ಕರ್ಷನ್ ಕೌಂಟರ್‌ಗೆ ಹೋದೆವು. ನಾಳೆ ಬರ್ಲಿನ್ ಅಲ್ವಾ, ಬಸ್ಸು ಎಷ್ಟು ಗಂಟೆಗೆ ಅಂತ ಕೇಳೋಕೆ. ಅಲ್ಲಿದ್ದ ಹುಡುಗಿ ನಮ್ಮ ಕಾರ್ಡು ತೆಗೆದುಕೊಂಡು ಕಂಪ್ಯೂಟರಿನಲ್ಲಿ ನೋಡಿದಳು. ಮತ್ತೊಬ್ಬಳ ಕಾರ್ಡು ಕೇಳಿದಳು. ಮತ್ತೊಬ್ಬಳದು. ಆಮೇಲೆ ಏನೂ ಮಾತಾಡದೆ ಸ್ಕ್ರೀನನ್ನೇ ನಮ್ಮ ಕಡೆ ತಿರುಗಿಸಿದಳು. ನನ್ನ ಹೆಸರು, ರೂಮ್ ನಂಬರ್, ಊಟದ ಸಮಯ, ಎಲ್ಲ ಇತ್ತು. ಎಕ್ಸ್‌ಕರ್ಷನ್ ಅನ್ನುವ ಜಾಗ ಖಾಲಿ. ಎಲ್ಲರದ್ದೂ ಖಾಲಿ.

ನನ್ನ ಹಿಂದೆ ನಿಂತಿದ್ದ ಗೆಳತಿ, "ಏನೇ ಇದು, ದುಡ್ಡು ಕೊಟ್ಟಿದ್ದೀವಲ್ಲ" ಅಂದಳು. ನನಗೆ ತಿರುಗಿ ಅವಳ ಮುಖ ನೋಡೋಕೆ ಆಗಲಿಲ್ಲ. ಗುಂಪಿಗೆ ಈ ಏಜೆಂಟ್‌ನ ನಂಬರ್ ಕೊಟ್ಟವಳು ನಾನು. ಸಾಲಿನಲ್ಲಿ ಹಿಂದೆ ಬೇರೆ ದೇಶದವರು ಕಾಯುತ್ತಿದ್ದರು. ಆ ಹುಡುಗಿ ತುಂಬಾ ಮರ್ಯಾದೆಯಿಂದ, ಬರ್ಲಿನ್ ಟೂರ್ ಈಗಲೂ ಸಿಗುತ್ತದೆ, ತಲಾ ಇನ್ನೂರು ಡಾಲರ್ ಮೇಲಾಗುತ್ತದೆ ಅಂದಳು. ಆ ಮರ್ಯಾದೆಯೇ ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆಗಲೇ ಗೊತ್ತಾಗಿದ್ದು, ಹಡಗು ಬರ್ಲಿನ್‌ಗೆ ಹೋಗುವುದೇ ಇಲ್ಲ ಅಂತ. ಬರ್ಲಿನ್‌ಗೆ ಸಮುದ್ರವೇ ಇಲ್ಲವಲ್ಲ! ಹಡಗು ನಿಲ್ಲುವುದು ವಾರ್ನೆಮ್ಯುಂಡೆ ಅನ್ನುವಲ್ಲಿ, ರೋಸ್ಟಾಕ್ ಊರಿನ ಕಡಲ ತೀರದಲ್ಲಿ. ಅಲ್ಲಿಂದ ಬರ್ಲಿನ್‌ಗೆ ಹೆಚ್ಚು ಕಡಿಮೆ 230 ಕಿಲೋಮೀಟರ್. ಬಸ್ಸಿನಲ್ಲಿ ಹೋಗೋಕೆ ಮೂರು ಗಂಟೆ, ಬರೋಕೆ ಮೂರು ಗಂಟೆ. ಮಂಗಳೂರಿನಲ್ಲಿ ಇಳಿಸಿ "ಮೈಸೂರು ಬಂತು, ಅರಮನೆ ನೋಡ್ಕೊಂಡು ಬನ್ನಿ" ಅಂದ ಹಾಗೆ.

ಹಡಗಿನ ವೈಫೈಗೆ ಬೇರೆ ದುಡ್ಡು. ಕಟ್ಟಿ ಅವನಿಗೆ ಫೋನ್ ಮಾಡಿದೆ. ನಮ್ಮೂರಿನಲ್ಲಿ ಆಗ ರಾತ್ರಿ ಹನ್ನೊಂದು ದಾಟಿತ್ತು. ಎತ್ತಲಿಲ್ಲ. ಬೆಳಿಗ್ಗೆ ವಾಯ್ಸ್ ಮೆಸೇಜ್: "ಟೆನ್ಷನ್ ಮಾಡ್ಕೋಬೇಡಿ ಮೇಡಂ. ಅದು ಹಡಗಿನವರದ್ದಲ್ಲ, ನಮ್ಮ ಲೋಕಲ್ ಪಾರ್ಟ್‌ನರ್ ಮಾಡ್ತಾರೆ. ಇಳಿದ ತಕ್ಷಣ ನಿಮ್ಮ ಹೆಸರಿನ ಬೋರ್ಡ್ ಹಿಡ್ಕೊಂಡು ನಿಂತಿರ್ತಾರೆ."

ಇಳಿದೆವು. ಹಡಗಿನ ಟೂರ್ ತೆಗೆದುಕೊಂಡವರು ಸ್ಟಿಕ್ಕರ್ ಅಂಟಿಸಿಕೊಂಡು ಒಂದೊಂದೇ ಬಸ್ಸು ಹತ್ತಿ ಹೊರಟರು. ಬೋರ್ಡ್ ಹಿಡಿದವರು ಇದ್ದರು, ನಮ್ಮ ಹೆಸರಿನದ್ದಲ್ಲ. ನಾವು ಒಂದೊಂದು ಬೋರ್ಡಿನ ಹತ್ತಿರವೂ ಹೋಗಿ ಓದಿ ಬಂದೆವು. ಮೆಸೇಜ್ ಹಾಕಿದೆ. "ಗೇಟ್ ಹೊರಗೆ ನೋಡಿ ಮೇಡಂ, ಒಳಗೆ ಬಿಡಲ್ಲ." ಗೇಟ್ ಹೊರಗೆ ಹೋದೆವು. ಯಾರೂ ಇಲ್ಲ. "ಹತ್ತು ನಿಮಿಷ ಮೇಡಂ." ಆಮೇಲೆ ನೀಲಿ ಟಿಕ್ ಬೀಳುತ್ತದೆ, ಉತ್ತರ ಇಲ್ಲ. ನಮ್ಮಲ್ಲಿ ಒಬ್ಬಳಿಗೆ ಮೊಣಕಾಲು ನೋವು, ಅವಳು ಸೂಟ್‌ಕೇಸ್ ಇಡುವ ಟ್ರಾಲಿ ಮೇಲೆ ಕೂತುಬಿಟ್ಟಳು. ಕೊನೆಗೆ ಮಧ್ಯಾಹ್ನದ ಹೊತ್ತಿಗೆ ಬಂದ ಉತ್ತರ ಕೇಳಿ: "ಮೇಡಂ, ಸೈಟ್‌ಸೀಯಿಂಗ್ ಸೇರಿದೆ ಅಂದ್ರೆ ಸೈಟ್‌ಸೀಯಿಂಗ್‌ಗೆ ಟೈಮ್ ಸೇರಿದೆ ಅಂತ. ನೀವೇ ಫ್ರೀಯಾಗಿ ಓಡಾಡಬಹುದು."

ಟೈಮ್ ಸೇರಿದೆಯಂತೆ! ತಲಾ 38,000 ರೂಪಾಯಿಗೆ ಟೈಮ್!

ಹಡಗು ನಿಲ್ದಾಣದ ಪಕ್ಕದಲ್ಲೇ ರೈಲು ನಿಲ್ದಾಣ ಇದೆ, ರೋಸ್ಟಾಕ್‌ನಲ್ಲಿ ಬದಲಾಯಿಸಿ ಬರ್ಲಿನ್‌ಗೆ ಹೋಗಬಹುದು. ಆದರೆ ಅಷ್ಟು ಹೊತ್ತಿಗೆ ಹೊರಟರೆ ವಾಪಸ್ ಬರುವುದರೊಳಗೆ ಹಡಗು ಹೊರಟೇ ಹೋಗಿರುತ್ತದೆ. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ಸ್ವಂತಕ್ಕೆ ಹೋದವರಿಗೆ ಕಾಯುವುದಿಲ್ಲ. ಹಾಗಾಗಿ ವಾರ್ನೆಮ್ಯುಂಡೆಯ ಮೀನಿನ ದೋಣಿಗಳು, ಹಳೇ ಲೈಟ್‌ಹೌಸ್ ನೋಡಿಕೊಂಡು ಕೂತೆವು. ಚೆನ್ನಾಗಿದೆ ಊರು, ಇಲ್ಲ ಅನ್ನುವುದಿಲ್ಲ. ಆದರೆ ಬರ್ಲಿನ್‌ನ ಬ್ರಾಂಡೆನ್‌ಬರ್ಗ್ ಗೇಟ್ ಮುಂದೆ ಫೋಟೋ ತೆಗೆಸಿಕೊಳ್ಳೋಕೆ ಅಂತ ರೇಷ್ಮೆ ಸೀರೆ ಉಟ್ಟು ಬಂದಿದ್ದ ಗೆಳತಿ ಆ ಸೀರೆಯಲ್ಲೇ ಮೀನಿನ ಅಂಗಡಿ ಪಕ್ಕ ಕೂತಿದ್ದಳು. ನಾವೆಲ್ಲ ಸಸ್ಯಾಹಾರಿಗಳು ಬೇರೆ.

ಟ್ಯಾಲಿನ್‌ನಲ್ಲಿ ಅವನ ಹಂಗು ಬೇಕಾಗಲಿಲ್ಲ. ಬಂದರಿನಿಂದ ಹಳೇ ಊರಿನ ಕೋಟೆಗೆ ಆರಾಮಾಗಿ ನಡೆದೇ ಹೋಗಬಹುದು. ಟೌನ್ ಹಾಲ್ ಚೌಕದಲ್ಲಿ 1422ರಿಂದ ದಾಖಲೆ ಇರುವ ಔಷಧಿ ಅಂಗಡಿ ಇದೆ, ಇವತ್ತೂ ತೆರೆದಿದೆ, ಒಳಗೆ ಹೋಗೋಕೆ ಕಾಸಿಲ್ಲ. ಹೆಲ್ಸಿಂಕಿಯಲ್ಲಿ ಬಂಡೆ ಕೊರೆದು ಕಟ್ಟಿದ ಚರ್ಚ್ ನೋಡಿದೆವು, ಮಾರ್ಕೆಟ್ ಚೌಕದಿಂದ ಫೆರಿ ಹತ್ತಿ ಸುವೊಮೆನ್‌ಲಿನ್ನಾ ಕೋಟೆಯ ದ್ವೀಪಕ್ಕೂ ಹೋಗಿ ಬಂದೆವು. ಎಲ್ಲ ನಮ್ಮ ದುಡ್ಡಲ್ಲಿ.

ಸ್ಟಾಕ್‌ಹೋಮ್‌ನಲ್ಲಿ ಮತ್ತೆ ಅದೇ ಕಥೆ. ನಮ್ಮ ಹಡಗು ನಿಂತಿದ್ದು ನ್ಯೂನಾಸ್‌ಹಾಮ್‌ನಲ್ಲಿ, ಸ್ಟಾಕ್‌ಹೋಮ್‌ಗೆ ಸುಮಾರು 60 ಕಿಲೋಮೀಟರ್ ದೂರ. ದೊಡ್ಡ ಹಡಗುಗಳು ಎಷ್ಟೋ ಸಲ ಅಲ್ಲೇ ನಿಲ್ಲುತ್ತವೆ. ಲೋಕಲ್ ರೈಲಿನಲ್ಲಿ ಒಂದು ಗಂಟೆ. ಈ ಸಲ ನಾವು ಅವನನ್ನು ಕೇಳಲೇ ಇಲ್ಲ, ರೈಲು ಹತ್ತಿದೆವು. ವಾಸಾ ಮ್ಯೂಸಿಯಂ ನೋಡಿದೆವು. 1628ರಲ್ಲಿ ಮೊದಲ ಸಲ ಯಾನ ಹೊರಟು, ಬಂದರು ದಾಟುವ ಮೊದಲೇ ಮುಳುಗಿದ ಹಡಗು. 1961ರಲ್ಲಿ ಮೇಲೆತ್ತಿ ನಿಲ್ಲಿಸಿದ್ದಾರೆ. ನಮ್ಮ ಟೂರಿಗೆ ಸರಿಯಾದ ಜಾಗ ಅಂತ ಎಲ್ಲರೂ ನಕ್ಕೆವು. ಮೊದಲ ಸಲ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅಲ್ಲೇ.

ಆ ನಗು ಕೊನೆಯ ರಾತ್ರಿವರೆಗೆ ಮಾತ್ರ. ಬಿಲ್ ಬಂತು. ಪ್ರತಿಯೊಬ್ಬರಿಗೂ ಪ್ರತಿ ದಿನಕ್ಕೂ ಸರ್ವಿಸ್ ಚಾರ್ಜ್, ಡಾಲರ್ ಲೆಕ್ಕದಲ್ಲಿ. ಇದನ್ನು ಹಡಗಿನವರು ತಾವಾಗಿಯೇ ಅಕೌಂಟಿಗೆ ಹಾಕುತ್ತಾರೆ, ಅದು ಅವರ ಪದ್ಧತಿ. ಇವನು ಮಾತ್ರ "ಟಿಪ್ಸ್ ಕೂಡ ನಾವೇ ಕಟ್ಟಿದ್ದೀವಿ" ಅಂತ ಬಾಯಿ ತುಂಬಾ ಹೇಳಿದ್ದ. ಒಬ್ಬಳ ಫೋನು ಸಮುದ್ರದ ಮಧ್ಯೆ ಹಡಗಿನ ನೆಟ್‌ವರ್ಕ್ ಹಿಡಿದುಕೊಂಡು ಆ ಬಿಲ್ ಬೇರೆ. ನೀವು ಹಾಕಿಸುವ ದೇಶಗಳ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಹಡಗು ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ.

ಊರಿಗೆ ಬಂದ ಮೇಲೆ ಅವನ ಆಫೀಸಿಗೆ ಹೋದೆವು, ಎಲ್ಲರೂ. ಕಾಫಿ ತರಿಸಿದ. ನಾಲಿಗೆ ಮೇಲೆ ಬೆಣ್ಣೆ ಕರಗುತ್ತಿತ್ತು. ಕೊಟೇಶನ್ ಮುಂದಿಟ್ಟೆ, ಶೋರ್ ಎಕ್ಸ್‌ಕರ್ಷನ್ ಸಾಲಿನ ಮೇಲೆ ಬೆರಳಿಟ್ಟೆ. "ಅಯ್ಯೋ, ಅದು ಟೈಪಿಂಗ್ ಮಿಸ್ಟೇಕ್ ಮೇಡಂ, ಅದು ಪೋರ್ಟ್ ಚಾರ್ಜ್." ಪೋರ್ಟ್ ಚಾರ್ಜ್ ಮೇಲಿನ ಸಾಲಿನಲ್ಲಿ ಬೇರೆಯಾಗಿ ಇದೆಯಲ್ಲಪ್ಪಾ ಅಂದೆ. ಕಾಗದ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದ, ಮೊದಲ ಸಲ ನೋಡುವವನ ಥರ. ಆಮೇಲೆ "ಮ್ಯಾನೇಜ್‌ಮೆಂಟ್ ಕೇಳ್ತೀನಿ" ಅಂದ. ಆ ಆಫೀಸಿನಲ್ಲಿ ಅವನು, ಕಾಫಿ ತಂದ ಹುಡುಗ ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲ. ವಾರ ಕಳೆದು ಬಂದ ತೀರ್ಮಾನ: ದುಡ್ಡು ವಾಪಸ್ ಇಲ್ಲ, ಮುಂದಿನ ಟ್ರಿಪ್‌ಗೆ ಡಿಸ್ಕೌಂಟ್ ಕೂಪನ್.

ಇನ್ನೂ ಒಂದಿದೆ. ವಿದೇಶ ಟೂರ್ ಪ್ಯಾಕೇಜ್‌ಗೆ ಏಜೆಂಟ್ ಟಿಸಿಎಸ್, ಅಂದರೆ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ, ವಸೂಲಿ ಮಾಡಬೇಕು, ನಾವು ಟೂರಿಗೆ ಹೋದ 2025-26ರ ಸಾಲಿನಲ್ಲಿ 10 ಲಕ್ಷದವರೆಗೆ ಶೇ 5 ಇತ್ತು. ಅದನ್ನು ನಮ್ಮ ಪ್ಯಾನ್ ನಂಬರಿಗೆ ಸರ್ಕಾರಕ್ಕೆ ಕಟ್ಟಿದರೆ ರಿಟರ್ನ್ಸ್‌ನಲ್ಲಿ ನಮಗೆ ವಾಪಸ್ ಸಿಗುತ್ತದೆ. ಅವನು ವಸೂಲಿ ಮಾಡಿದ್ದ. ತಿಂಗಳುಗಟ್ಟಲೆ ಕಾದು, ನಮ್ಮ ಪ್ಯಾನ್‌ಗೆ ಎಷ್ಟು ತೆರಿಗೆ ಜಮೆ ಆಗಿದೆ ಅಂತ ತೋರಿಸುವ 26ಎಎಸ್ ಪಟ್ಟಿ ತೆಗೆದು ನೋಡಿದರೆ ನಮ್ಮ ಯಾರ ಹೆಸರಲ್ಲೂ ಒಂದು ಪೈಸೆ ಇಲ್ಲ. ಕೇಳಿದರೆ "ಆಡಿಟರ್ ಊರಲ್ಲಿಲ್ಲ". ಇದಕ್ಕೇ ನನಗೆ ಎಲ್ಲಕ್ಕಿಂತ ಜಾಸ್ತಿ ಮೈ ಉರಿದಿದ್ದು. ಬರ್ಲಿನ್ ಹೋದರೆ ಹೋಗಲಿ, ಬ್ಯಾಂಕಿನವರ ಹತ್ತಿರ ಟಿಸಿಎಸ್‌ನಲ್ಲಿ ಆಟವಾ?

1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆವು. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇವೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೇ ಇಲ್ಲ, ಹೆದರಬೇಡಿ. ವಾಟ್ಸಾಪ್ ಚಾಟ್, ವಾಯ್ಸ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ನಮ್ಮ ಕೈ ಹಿಡಿದಿರುವುದು ಈಗ ಅವೇ. ಬುಕಿಂಗ್ ನಂಬರ್ ಸಿಕ್ಕ ದಿನವೇ ಹಡಗಿನ ಕಂಪನಿಯ ವೆಬ್‌ಸೈಟ್‌ಗೆ ನೀವೇ ಲಾಗಿನ್ ಆಗಿ ನೋಡಿ, ಅಲ್ಲಿ ಕಾಣದ್ದು ಹಡಗಿನಲ್ಲೂ ಸಿಗುವುದಿಲ್ಲ. ನಂಬರ್ ಕೊಡೋಕೆ ಏಜೆಂಟ್ ತಡ ಮಾಡಿದರೆ ಅಲ್ಲೇ ಏನೋ ಇದೆ ಅಂತ ಅರ್ಥ.

ನಿನ್ನೆ ಅವನ ಸ್ಟೇಟಸ್ ನೋಡಿದೆ. ಹೊಸ ಪೋಸ್ಟರ್, "ಲಂಡನ್, ಪ್ಯಾರಿಸ್ ಕ್ರೂಸ್, ಎಲ್ಲಾ ಸೇರಿದೆ". ಅಂಥ ದೊಡ್ಡ ಹಡಗುಗಳು ಲಂಡನ್ ಅಂತ ನಿಲ್ಲುವುದು ಹೆಚ್ಚಾಗಿ ಸೌತಾಂಪ್ಟನ್‌ನಲ್ಲಿ, ಪ್ಯಾರಿಸ್ ಅಂತ ನಿಲ್ಲುವುದು ಲೆ ಹಾವ್ರ್‌ನಲ್ಲಿ. ಅಲ್ಲಿಂದ ಪ್ಯಾರಿಸ್ ಸುಮಾರು 200 ಕಿಲೋಮೀಟರ್. ಅದೂ ಅಲ್ಲದೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ ಇಂಗ್ಲೆಂಡಿಗೆ ನಡೆಯುವುದಿಲ್ಲ, ಬೇರೆ ವೀಸಾ ಬೇಕು. ಮಧ್ಯೆ ಇಂಗ್ಲೆಂಡಿಗೆ ಹೋಗಿ ಮತ್ತೆ ಯೂರೋಪಿಗೆ ಬರುವುದಾದರೆ ಷೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು. ಪೋಸ್ಟರ್‌ನಲ್ಲಿ ಇದೊಂದೂ ಇಲ್ಲ. ಮೈಸೂರಿನಲ್ಲಿ ಯಾರಾದರೂ ಈ ಟೂರಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಬಂದರಿನ ಹೆಸರು, ಬಸ್ಸಿನ ವೋಚರ್, ವೀಸಾ, ಈ ಮೂರನ್ನೂ ಇವತ್ತೇ ಕೇಳಿ. ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿ ಕೇಳಿ.