ದುರ್ಗ–ದಾವಣಗೆರೆ ಸುತ್ತು: ಒಂದು ಟಿಟಿಯೋ, ಮೂರು ಕಾರೋ?

ನನ್ನ ಆಯ್ಕೆ ಟಿಟಿ. ಅದೂ ಬೆಂಗಳೂರಿನಿಂದ ಹಿಡಿದು ತಂದದ್ದಲ್ಲ, ಚಿತ್ರದುರ್ಗದಲ್ಲೇ ಒಂದು ದಿನದ ಮಟ್ಟಿಗೆ ಗೊತ್ತು ಮಾಡಿದ ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್. ಮೂರು ಕಾರುಗಳ ಸಾಲಿನಲ್ಲೂ ಇದೇ ದಾರಿ ಓಡಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು.

ಹಿಂದೆ ಪ್ರವಾಸಗಳಲ್ಲಿ ಜೊತೆಯಾದ ಹತ್ತು ಜನ ಗೆಳೆಯರು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ, ಶಿವಮೊಗ್ಗಗಳಲ್ಲಿ ಹಂಚಿಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಮತ್ತೆ ಒಟ್ಟಿಗೆ ಸೇರಿ, ಅವಸರವಿಲ್ಲದೆ ಎರಡು ದಿನ ಸುತ್ತಬೇಕು. ನಡುವೆ ಸಿಗುವ ಊರು ದುರ್ಗ. ಬೆಂಗಳೂರಿನಿಂದ ಸುಮಾರು 200 ಕಿ.ಮೀ., ಹುಬ್ಬಳ್ಳಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಬಳ್ಳಾರಿಯವರಿಗೆ ಚಳ್ಳಕೆರೆ ಮೇಲೆ ಹತ್ತಿರ, ಶಿವಮೊಗ್ಗದವರಿಗೆ ಹೊಳಲ್ಕೆರೆ ಮೇಲೆ ಇನ್ನೂ ಹತ್ತಿರ. ಶುಕ್ರವಾರ ರಾತ್ರಿ ಎಲ್ಲರೂ ದುರ್ಗ ಸೇರುವುದು. ಶನಿವಾರ ಬೆಳಿಗ್ಗೆ ಕೋಟೆ, ಸಂಜೆ ಚಂದ್ರವಳ್ಳಿ. ಭಾನುವಾರ ಹೊಳಲ್ಕೆರೆ, ಚನ್ನಗಿರಿ, ಸೂಳೆಕೆರೆ, ಸಂತೇಬೆನ್ನೂರು, ದಾವಣಗೆರೆ, ಆಮೇಲೆ ಹೆದ್ದಾರಿ ಹಿಡಿದು ವಾಪಸ್ ದುರ್ಗ. ಭಾನುವಾರದ ಈ ಸುತ್ತು ಅಡ್ಡದಾರಿಗಳೂ ಸೇರಿ 210 ಕಿ.ಮೀ. ಆಸುಪಾಸು ಆಗುತ್ತದೆ. ಟಿಟಿ ಬೇಕಿರುವುದು ಈ ಒಂದು ದಿನಕ್ಕೆ ಮಾತ್ರ.

ಶನಿವಾರಕ್ಕೆ ಟಿಟಿ ಹಿಡಿಯುವುದು ದುಡ್ಡು ದಂಡ. ಕೋಟೆಯೊಳಗೆ ಹೇಗೂ ನಡಿಗೆಯೇ, ಚಂದ್ರವಳ್ಳಿ ಊರಿಗೆ ಅಂಟಿಕೊಂಡೇ ಇದೆ. ಬಂದ ಕಾರುಗಳಲ್ಲಿ ಎರಡು ತೆಗೆದರೆ ಸಾಕು, ಇಲ್ಲವಾದರೆ ಆಟೋ.

ಈಗ ಬಾಡಿಗೆಯ ವಿಷಯ. ನಿಧಾನವಾಗಿ ಸುತ್ತುವವರ ಜೇಬಿಗೆ ಕತ್ತರಿ ಬೀಳುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊರ ಊರಿನ ಬಾಡಿಗೆ ಎಂದರೆ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಕಿ.ಮೀ. ಲೆಕ್ಕ, ಕೆಲವರದು 300. ನೀವು 20 ಕಿ.ಮೀ. ಓಡಿಸಿ ದಿನವಿಡೀ ಮರದ ನೆರಳಲ್ಲಿ ನಿಲ್ಲಿಸಿಕೊಂಡರೂ 250ಕ್ಕೆ ಕೊಡಬೇಕು. ದರ ಊರಿಗೊಂದು, ಸೀಸನ್ನಿಗೊಂದು. ಲೆಕ್ಕ ಹಾಕಲು ಕಿ.ಮೀ.ಗೆ 20 ರೂಪಾಯಿ, ಡ್ರೈವರ್ ಬಾಟಾ, ಅಂದರೆ ಅವರ ಭತ್ಯೆ, ದಿನಕ್ಕೆ 500 ಎಂದಿಟ್ಟುಕೊಳ್ಳೋಣ. ಶನಿವಾರ, ಭಾನುವಾರ ಎರಡೂ ದಿನ ಗಾಡಿ ಇಟ್ಟುಕೊಂಡರೆ 500 ಕಿ.ಮೀ.ಗೆ 10,000, ಬಾಟಾ 1,000. ಓಡಿದ್ದು ಮಾತ್ರ 230 ಕಿ.ಮೀ. ಭಾನುವಾರ ಒಂದೇ ದಿನ ಹಿಡಿದರೆ 5,000 ಮತ್ತು ಬಾಟಾ 500. ಕನಿಷ್ಠದ 250ರಲ್ಲಿ 210 ನಿಜಕ್ಕೂ ಬಳಸಿದ ಹಾಗಾಯಿತು.

ಬೆಂಗಳೂರಿನಿಂದಲೇ ಟಿಟಿ ತಂದರೆ ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನವಾಗುತ್ತದೆ. ಅಂದರೆ ಕನಿಷ್ಠ 750 ಕಿ.ಮೀ., 15,000 ರೂಪಾಯಿ, ಮೇಲೆ ಮೂರು ಬಾಟಾ. ದಿನ ಎಂದರೆ ಬಹಳ ಕಡೆ 24 ಗಂಟೆ ಅಲ್ಲ, ಮಧ್ಯರಾತ್ರಿ 12ರಿಂದ ಮಧ್ಯರಾತ್ರಿ 12. ಶುಕ್ರವಾರ ಸಂಜೆ 6ಕ್ಕೆ ಹೊರಟರೂ ಅದು ಒಂದು ಪೂರ್ತಿ ದಿನ. ಭಾನುವಾರ ರಾತ್ರಿ ಊರು ಮುಟ್ಟುವಷ್ಟರಲ್ಲಿ 12 ದಾಟಿದರೆ ನಾಲ್ಕನೆಯ ದಿನದ ಬಾಡಿಗೆಯೂ ಸೇರುತ್ತದೆ. ಇಷ್ಟೆಲ್ಲ ತೆತ್ತರೂ ಬಳ್ಳಾರಿ, ಹುಬ್ಬಳ್ಳಿಯವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಇನ್ನೊಂದು ತೊಡಕು ಮೀಟರ್ ಎಲ್ಲಿಂದ ಶುರು ಎನ್ನುವುದು. ಬಹಳ ಮಾಲೀಕರು ಗಾಡಿ ನಿಲ್ಲುವ ಜಾಗದಿಂದ ಹಿಡಿದು ಮತ್ತೆ ಅಲ್ಲಿಗೆ ಮುಟ್ಟುವ ತನಕ ಎಣಿಸುತ್ತಾರೆ. ದಾವಣಗೆರೆಯಲ್ಲಿ ದರ ಸ್ವಲ್ಪ ಕಡಿಮೆ ಸಿಕ್ಕಿತೆಂದು ಅಲ್ಲಿಯ ಗಾಡಿ ಹಿಡಿದಿರಿ ಅನ್ನಿ: ಬೆಳಿಗ್ಗೆ ದುರ್ಗಕ್ಕೆ ಖಾಲಿ ಬರುವ 60 ಕಿ.ಮೀ., ರಾತ್ರಿ ನಿಮ್ಮನ್ನು ಇಳಿಸಿ ಖಾಲಿ ಹೋಗುವ 60 ಕಿ.ಮೀ. ಸೇರಿ ಒಟ್ಟು 330 ಆಗುತ್ತದೆ. ಕನಿಷ್ಠಕ್ಕಿಂತ 80 ಹೆಚ್ಚು, ಅಂದರೆ 1,600 ರೂಪಾಯಿ. ಕಿ.ಮೀ.ಗೆ ಒಂದೆರಡು ರೂಪಾಯಿ ಉಳಿಸಿದ್ದು ಇದರಲ್ಲಿ ಎಲ್ಲೋ ಹೋಯಿತು. ಸುತ್ತು ಶುರುವಾಗುವ ಊರಿನ ಗಾಡಿಯನ್ನೇ ಹಿಡಿಯಿರಿ.

ನಮ್ಮ ಕಡೆ ಇನ್ನೊಂದು ಪದ್ಧತಿಯೂ ಇದೆ: ದಿನಕ್ಕೆ ಇಷ್ಟು ಬಾಡಿಗೆ, ಡೀಸೆಲ್ ನಿಮ್ಮದು. ಕಡಿಮೆ ಓಡಿಸುವವರಿಗೆ ಇದು ಒಳ್ಳೆಯದು. ಟಿಟಿ ಲೀಟರಿಗೆ 10 ಕಿ.ಮೀ. ಕೊಡುತ್ತದೆ ಎಂದು ಹಿಡಿದರೆ 210 ಕಿ.ಮೀ.ಗೆ 21 ಲೀಟರ್, ಲೀಟರಿಗೆ 90ರಂತೆ ಸುಮಾರು 1,900 ರೂಪಾಯಿ. ದಿನದ ಬಾಡಿಗೆ 3,100ಕ್ಕಿಂತ ಕೆಳಗೆ ಕುದುರಿದರೆ ಕಿ.ಮೀ. ಲೆಕ್ಕಕ್ಕಿಂತ ಇದೇ ಅಗ್ಗ. ಆದರೆ ಡೀಸೆಲ್ ಲೆಕ್ಕದಲ್ಲಿ ಮನಸ್ತಾಪ ಬರುವುದೂ ಇಲ್ಲೇ. ಬೆಳಿಗ್ಗೆ ಮೊದಲು ಬಂಕಿಗೆ ಹೋಗಿ ಡ್ರೈವರ್ ಎದುರಿಗೇ ಟ್ಯಾಂಕ್ ಫುಲ್ ಮಾಡಿಸಿ, ಅದರ ಖರ್ಚು ಮಾಲೀಕರದು. ರಾತ್ರಿ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಅದು ನಿಮ್ಮದು. ಈ ಷರತ್ತನ್ನು ಗಾಡಿ ಗೊತ್ತು ಮಾಡುವಾಗಲೇ ಹೇಳಬೇಕು. “ಒಂದೈನೂರು ರೂಪಾಯಿಗೆ ಹಾಕಿಸಿ ಸಾರ್, ಸಾಕು” ಎಂದು ಶುರುವಾದರೆ ಸಂಜೆ ಹೊತ್ತಿಗೆ ಯಾರಿಗೂ ಲೆಕ್ಕ ಸಿಗುವುದಿಲ್ಲ. ನಿಂತ ಗಾಡಿಯಲ್ಲಿ ಎಸಿ ಹಾಕಿಕೊಂಡು ಕೂರಬೇಡಿ, ಅದೂ ನಿಮ್ಮದೇ ಡೀಸೆಲ್.

ಬಿಳಿ ಬೋರ್ಡಿನ ಗಾಡಿ ಎಷ್ಟೇ ಅಗ್ಗವಾದರೂ ಬೇಡ. ಸ್ವಂತ ಬಳಕೆಗೆ ನೋಂದಣಿಯಾದ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಗೂ ತಕರಾರು ಬರುತ್ತದೆ.

ಕಾರುಗಳ ಖರ್ಚು ನೋಡಿದರೆ, ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಈ ಸುತ್ತಿನಲ್ಲಿ 14 ಲೀಟರ್ ಬೇಕು. ಲೀಟರಿಗೆ ನೂರರ ಲೆಕ್ಕದಲ್ಲಿ ಮೂರು ಕಾರಿಗೆ 4,200. ದುರ್ಗ–ದಾವಣಗೆರೆ ನಡುವೆ ಹೆಬ್ಬಾಳು ಟೋಲ್ ಇದೆ, ಅಲ್ಲಿ ಮೂರು ಸಲ ಫಾಸ್ಟ್‌ಟ್ಯಾಗ್ ಕಡಿತ. ಟಿಟಿಗೆ 5,500 ಮತ್ತು ಒಂದು ಟೋಲ್. ಟೋಲ್ ಬಿಟ್ಟರೆ ವ್ಯತ್ಯಾಸ 1,300 ರೂಪಾಯಿ, ಹತ್ತು ಜನಕ್ಕೆ ಹಂಚಿದರೆ ತಲೆಗೆ 130. ಅಷ್ಟು ಕೊಟ್ಟು ಮೂವರು ಗೆಳೆಯರನ್ನು ಸ್ಟೀರಿಂಗಿನಿಂದ ಬಿಡಿಸಿಕೊಳ್ಳುವುದು ನನ್ನ ಮಟ್ಟಿಗೆ ಅಗ್ಗದ ವ್ಯವಹಾರ.

ಸೇರುವುದೇ ಮಾತಾಡಲಿಕ್ಕೆ. ಮೂರು ಕಾರಿನಲ್ಲಿ ಹೊರಟರೆ ದಿನದ ನಾಲ್ಕೈದು ಗಂಟೆ ಮೂರು ಗುಂಪಾಗಿ ಕಳೆದುಹೋಗುತ್ತದೆ. ಒಂದು ಕಾರಿನಲ್ಲಿ ಶುರುವಾದ ಹಳೆಯ ಕಥೆ ಇನ್ನೊಂದು ಕಾರಿನವರಿಗೆ ಸಿಗುವುದಿಲ್ಲ. ಸೂಳೆಕೆರೆ ಏರಿಯ ಮೇಲೆ ಇಳಿದಾಗ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು.

ಸಾಲು ಕಾರುಗಳಿಗೆ ಈ ದಾರಿಯೂ ಒಗ್ಗುವುದಿಲ್ಲ. ಹೊಳಲ್ಕೆರೆ ದಾಟಿ ಚನ್ನಗಿರಿ ಕಡೆ ಹೋದಂತೆ ಅಡಿಕೆ ತೋಟಗಳು, ಊರಿಗೊಂದು ಹಂಪ್, ಕೆಲವಕ್ಕೆ ಬಿಳಿ ಪಟ್ಟಿಯೂ ಇರುವುದಿಲ್ಲ. ಚನ್ನಗಿರಿಯಿಂದ ದಾವಣಗೆರೆ ತನಕ ಮೆಕ್ಕೆಜೋಳದ ಸೀಮೆ. ಕೊಯ್ಲಿನ ಕಾಲದಲ್ಲಿ, ಅಕ್ಟೋಬರಿನಿಂದ ಡಿಸೆಂಬರ್ ತನಕ, ಡಾಂಬರಿನ ಅರ್ಧ ಭಾಗದಲ್ಲಿ ಕಾಳು ಒಣಗುತ್ತಿರುತ್ತದೆ. ಅಂಚಿಗೆ ಕಲ್ಲು ಸಾಲಾಗಿ ಇಟ್ಟಿರುತ್ತಾರೆ. ಹಗಲಲ್ಲಿ ಕಾಣುತ್ತದೆ, ಕತ್ತಲಾದ ಮೇಲೆ ಆ ಕಲ್ಲುಗಳು ಕಾಣುವುದಿಲ್ಲ. ಟ್ರ್ಯಾಕ್ಟರ್ ಹಿಂದೆ ಒಂದು ಕಾರು ಸಿಕ್ಕಿಕೊಂಡರೆ ಮುಂದಿನದು ಐದು ಕಿ.ಮೀ. ಮುಂದೆ, ಹಿಂದಿನದು ಇನ್ನೆಲ್ಲೋ. ಆಮೇಲೆ ಫೋನು, ಲೊಕೇಶನ್ನು, “ಎಲ್ಲಿದ್ದೀಯೋ ಮಾರಾಯ”.

ಕಾರಿನಲ್ಲೇ ಹೋಗುತ್ತೇವೆ ಎನ್ನುವವರು ಒಬ್ಬರ ಬಾಲ ಒಬ್ಬರು ಹಿಡಿಯುವ ಯೋಚನೆ ಬಿಡಲಿ. ಹೊಳಲ್ಕೆರೆಯ ಬಯಲು ಗಣಪತಿ, ಚನ್ನಗಿರಿ ಬಸ್ ನಿಲ್ದಾಣ, ಸೂಳೆಕೆರೆ ಏರಿ, ಸಂತೇಬೆನ್ನೂರಿನ ಪುಷ್ಕರಣಿ ಹೀಗೆ ಮುಂದಿನ ಒಂದೇ ಜಾಗ ಹೇಳಿಕೊಂಡು ಹೊರಟು, ಅಲ್ಲಿ ಎಲ್ಲರೂ ಮುಟ್ಟುವ ತನಕ ಕಾಯಬೇಕು. ನಿಧಾನ ಓಡಿಸುವವರ ಕಾರು ಮುಂದಿರಲಿ, ದಾರಿ ಗೊತ್ತಿರುವವರು ಕೊನೆಯಲ್ಲಿರಲಿ. ಹೆದ್ದಾರಿ 48ರಲ್ಲಿ ದುರ್ಗದ ಬೈಪಾಸ್ ಬಗ್ಗೆ ಎಚ್ಚರ. ಊರಿನ ತಿರುವು ತಪ್ಪಿದರೆ ಊರನ್ನೇ ಬಳಸಿ ಮುಂದೆ ಹೋಗಿಬಿಡುತ್ತೀರಿ, ಹಿಂದಕ್ಕೆ ಬರಲು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೆ ಹೋಗುವ ಆಸೆ ಬೇಡ.

ಟಿಟಿಯಿಂದ ಇನ್ನೊಂದು ಲಾಭವಿದೆ, ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳದ್ದು. ಎಲ್ಲರೂ ಕಾರು ತರಬೇಕಾಗಿಲ್ಲ. ದುರ್ಗ ಇರುವುದು ಚಿಕ್ಕಜಾಜೂರು–ರಾಯದುರ್ಗ ಕವಲು ರೈಲು ಮಾರ್ಗದಲ್ಲಿ, ಆದರೆ ದಾವಣಗೆರೆ ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿದೆ. ಹುಬ್ಬಳ್ಳಿಯವರು ಬಸ್ಸಿನಲ್ಲಿ ದುರ್ಗಕ್ಕೆ ಬಂದು ಭಾನುವಾರ ಸಂಜೆ ದಾವಣಗೆರೆಯಲ್ಲೇ ಇಳಿದುಕೊಂಡರೆ ಅರವತ್ತು ಕಿ.ಮೀ. ಹಿಂದೆ ಬಂದು ಮತ್ತೆ ಮುಂದೆ ಹೋಗುವುದು ತಪ್ಪುತ್ತದೆ. ಶಿವಮೊಗ್ಗದವರೂ ಅಲ್ಲೇ ಬಸ್ ಹಿಡಿಯಬಹುದು. ಕಾರು ತಂದ ಬೆಂಗಳೂರು, ಬಳ್ಳಾರಿಯವರು ಮಾತ್ರ ದುರ್ಗದ ಲಾಡ್ಜಿನಲ್ಲಿ ಕಾರು ಬಿಟ್ಟಿರುತ್ತಾರೆ. ಲಾಡ್ಜಿಗೆ ಕಾಂಪೌಂಡ್, ಗೇಟು ಇದೆಯೇ, ಭಾನುವಾರ ರೂಮು ಖಾಲಿ ಮಾಡಿದ ಮೇಲೂ ರಾತ್ರಿ ತನಕ ಕಾರು ಬಿಡಬಹುದೇ ಎಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ದಾವಣಗೆರೆಯನ್ನು ಬೆಳಿಗ್ಗೆ ಮೊದಲು ಮುಗಿಸಿ ಉಲ್ಟಾ ಸುತ್ತುವವರೂ ಇದ್ದಾರೆ, ಬೆಣ್ಣೆ ದೋಸೆಯ ಆಸೆಗೆ. ಹಾಗೆ ಮಾಡಿದರೆ ಹುಬ್ಬಳ್ಳಿಯವರನ್ನು ಇಳಿಸುವ ಅನುಕೂಲ ಹೋಗುತ್ತದೆ, ಹೊಳಲ್ಕೆರೆ ದಾರಿ ಕತ್ತಲಿಗೆ ಬೀಳುತ್ತದೆ. ಬೆಳಿಗ್ಗೆ 7ಕ್ಕೆ ದುರ್ಗ ಬಿಡಿ. ಮಧ್ಯಾಹ್ನದ ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನದ ಬುತ್ತಿ ಕಟ್ಟಿಸಿಕೊಂಡು ಸೂಳೆಕೆರೆಯಲ್ಲಿ ಬಿಚ್ಚಿ. ದುರ್ಗದ ನಲ್ಲಿಗಳಿಗೆ ನೀರು ಹೋಗುವ ಕೆರೆ ಇದು, ಎಲೆ, ಪ್ಲಾಸ್ಟಿಕ್ ಏನನ್ನೂ ಅಲ್ಲಿ ಬಿಡಬೇಡಿ. ಸಂತೇಬೆನ್ನೂರಿನ ಹೊಂಡದ ಮೆಟ್ಟಿಲಲ್ಲಿ ಒಂದು ಗಂಟೆ ಕೂತು, ದಾವಣಗೆರೆ ಮುಟ್ಟುವುದು ಸಂಜೆ ನಾಲ್ಕೂವರೆಯ ನಂತರ ಇರಲಿ. ಮಧ್ಯಾಹ್ನ ಬಾಗಿಲು ಹಾಕುವ ದೋಸೆ ಹೋಟೆಲುಗಳು ಆ ಹೊತ್ತಿಗೆ ಮತ್ತೆ ಕಾವಲಿ ಹಚ್ಚಿರುತ್ತವೆ. ಹತ್ತು ಜನ ಒಟ್ಟಿಗೆ ಹೋದರೆ ದೋಸೆ ಒಂದೇ ಸಲಕ್ಕೆ ಬರುವುದಿಲ್ಲ, ಬಂದವರು ಬಂದ ಹಾಗೆ ತಿನ್ನಬೇಕು. ಬೆಣ್ಣೆ ದೋಸೆ ಕಾದು ಕೂತರೆ ಮೆತ್ತಗಾಗುತ್ತದೆ. ಮಂಡಕ್ಕಿ ಮಿರ್ಚಿಗೂ ಅದೇ ಸರಿಯಾದ ಹೊತ್ತು. ಪೇಟೆಯ ಇಕ್ಕಟ್ಟಿನಲ್ಲಿ ಮೂರು ಕಾರಿಗೆ ಜಾಗ ಹುಡುಕುವ ಬದಲು, ಟಿಟಿ ನಿಮ್ಮನ್ನು ಇಳಿಸಿ ಬೇರೆಲ್ಲಾದರೂ ನಿಂತು, ಕರೆದಾಗ ಬರುತ್ತದೆ.

ಟಿಟಿಯ ಕೊರತೆ ಚೀಲದ ಜಾಗ. ಹನ್ನೆರಡು ಸೀಟಿನ ಗಾಡಿಯಲ್ಲಿ ಡಿಕ್ಕಿ ಹೆಸರಿಗೆ ಇರುತ್ತದೆ. ಹನ್ನೆರಡು ಜನ ಹತ್ತಿದರೆ ಚೀಲ ಕಾಲಡಿಗೆ ಬರುತ್ತದೆ. ಹತ್ತೇ ಜನ ಹೋಗಿ, ಎರಡು ಸೀಟು ಚೀಲಕ್ಕೆ ಬಿಡಿ. ಕೊನೆಯ ಸಾಲು ಹಿಂದಿನ ಚಕ್ರದ ಆಚೆಗಿರುವುದರಿಂದ ಪ್ರತಿ ಹಂಪಿನಲ್ಲೂ ಎತ್ತಿ ಹಾಕುತ್ತದೆ. ಬೆನ್ನು ನೋವಿನವರು, ವಾಂತಿ ಬರುವವರು ಎರಡನೇ ಸಾಲಿನಲ್ಲಿ ಕೂರಬೇಕು.

ಆರು ಜನರಿಗಿಂತ ಕಡಿಮೆ ಇದ್ದರೆ ಟಿಟಿ ಬೇಡ, ಏಳು ಸೀಟಿನ ಒಂದು ಕಾರು ಸಾಕು. ಹಸುಗೂಸು ಇರುವವರು, ನಡುವೆಯೇ ಹೊರಟುಬಿಡಬೇಕಾದವರು ತಮ್ಮ ಕಾರು ತರಲಿ. ಎರಡು ಬಾಡಿಗೆ ಇನ್ನೋವಾ ಎಂದರೆ ಎರಡು ಬಾಟಾ, ಎರಡು ಕನಿಷ್ಠ ಕಿ.ಮೀ., ಗುಂಪೂ ಎರಡು ಪಾಲು: ನನಗೆ ಒಪ್ಪಿಗೆಯಿಲ್ಲ.

ಮಾತು ಬೇಕು, ದಾವಣಗೆರೆಯಿಂದ ರಾತ್ರಿ ವಾಪಸ್ ಬರುವಾಗ ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಡಿಯುವುದು ಬೇಡ, ತಲೆಗೆ 600 ರೂಪಾಯಿಯ ಒಳಗೆ ಗಾಡಿಯ ಖರ್ಚು ಮುಗಿಯಬೇಕು. ನನ್ನ ಈ ಮೂರೂ ಬೇಡಿಕೆ ದುರ್ಗದ ಟಿಟಿಯಲ್ಲಿ ತೀರುತ್ತವೆ. ದಾವಣಗೆರೆಯಿಂದ ಎಂಟಕ್ಕೆ ಹೊರಟರೆ ಒಂಬತ್ತು, ಒಂಬತ್ತೂಕಾಲಿಗೆ ದುರ್ಗ. ರಾತ್ರಿ ಹತ್ತರ ನಂತರ ಹೆಚ್ಚುವರಿ ಬಾಟಾ ಕೇಳುವವರಿದ್ದಾರೆ, ಅದಕ್ಕೂ ಅವಕಾಶವಿರುವುದಿಲ್ಲ. ಹೊರಡುವಾಗ ಮೀಟರ್ ರೀಡಿಂಗಿನ ಫೋಟೊ ತೆಗೆದಿಟ್ಟುಕೊಂಡು, ಇಳಿದಾಗ ಇನ್ನೊಂದು ತೆಗೆದು, ಟ್ರಿಪ್ ಶೀಟಿನಲ್ಲಿ ಎರಡೂ ಅಂಕಿ ಬರೆಸಿ ಸಹಿ ಮಾಡಿ, ಅಡ್ವಾನ್ಸ್ ಕಳೆದು ಬಾಕಿ ಕೊಡಿ.