ಪ್ರೋನೋಟ್ ಬೀರುವಿನಲ್ಲಿದೆ ಅಂತ ಸುಮ್ನೆ ಕೂರಬೇಡಿ

ಅಣ್ಣತಮ್ಮಂದಿರಿಗೋ ಭಾವನಿಗೋ ಸಾಲ ಕೊಟ್ಟು ಪ್ರೋನೋಟ್ ಬರೆಸಿಕೊಂಡಿದ್ದೀರಾ? ಮೊದಲು ಅದರ ಮೇಲಿನ ತಾರೀಕು ನೋಡಿ.

ನಮ್ಮಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ನಾಲ್ಕು ಲಕ್ಷ ಚಿಕ್ಕಪ್ಪನಿಗೆ ಕೊಟ್ಟರು. ಚಿಕ್ಕಬಳ್ಳಾಪುರದ ಹತ್ತಿರ ಅವರದು ದ್ರಾಕ್ಷಿ ತೋಟ. ಹಳೇ ಬೋರ್ ಬತ್ತಿತ್ತು. ನಮ್ಮ ಕಡೆ ಸಾವಿರ ಅಡಿ ಕೊರೆಸಿದರೂ ನೀರಿನ ಗ್ಯಾರಂಟಿ ಇಲ್ಲ, ಗೊತ್ತಲ್ಲ. ರೆವಿನ್ಯೂ ಸ್ಟಾಂಪ್ ಅಂಟಿಸಿ, 'ತಾವು ಕೇಳಿದಾಗ ಬಡ್ಡಿ ಸಮೇತ ಕೊಡುತ್ತೇನೆ' ಅಂತ ಬರೆದು ಚಿಕ್ಕಪ್ಪ ಸಹಿ ಹಾಕಿದರು.

ಕೊಡದಿದ್ದರೆ ಕೋರ್ಟಿಗೆ ಹೋಗಲು ಕೇಳಿದ ದಿನದಿಂದ ಮೂರು ವರ್ಷ ಟೈಮ್ ಇದೆ ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ಹಾಗಲ್ಲ. 1963ರ ಲಿಮಿಟೇಷನ್ ಕಾಯ್ದೆ ಪ್ರಕಾರ ಇಂಥ ನೋಟಿಗೆ ಬರೆದ ದಿನದಿಂದಲೇ 3 ವರ್ಷದ ಲೆಕ್ಕ ಶುರು.

ಯುಗಾದಿಗೆ ಕೇಳಿದರೆ "ಕಟಾವು ಆಗ್ಲಿ ಅಣ್ಣಾ". ಕಟಾವಾದ ಮೇಲೆ ಕೇಳಿದರೆ "ಈ ಸಲ ರೇಟೇ ಇಲ್ಲ". ಮಧ್ಯೆ ಒಮ್ಮೆ ಮೂವತ್ತು ಸಾವಿರ ತಂದು ಕೈಗೆ ಕೊಟ್ಟರು. ಅದನ್ನು ನೋಟಿನ ಹಿಂದೆ ಬರೆಸಿ, ತಾರೀಕು ಹಾಕಿಸಿ, ಅವರ ಸಹಿ ತಗೊಂಡಿದ್ದರೆ ಅವತ್ತಿನಿಂದ ಮತ್ತೆ ಮೂರು ವರ್ಷ ಸಿಗುತ್ತಿತ್ತು. "ಸ್ವಂತ ತಮ್ಮನ ಹತ್ರ ಬರೆಸ್ಕೊಳ್ಳೋದಾ?" ಅಂದರು ಅಪ್ಪ. ಅಮ್ಮ ಕಾಫಿ ಕೊಟ್ಟು ಕಳಿಸಿದರು.

ಅಜ್ಜಿ ತೀರಿಕೊಂಡ ಮೇಲೆ ಜಮೀನು ಭಾಗದ ಮಾತು ಎದ್ದಿತು. ಚಿಕ್ಕಪ್ಪನ ವರಸೆಯೇ ಬದಲಾಯಿತು. "ಅದು ಸಾಲ ಅಲ್ಲ, ನನ್ನ ಭಾಗದ ಲೆಕ್ಕದಲ್ಲಿ ಅಣ್ಣ ಕೊಟ್ಟಿದ್ದು" ಅಂತ ಊರೆಲ್ಲಾ ಹೇಳಿಕೊಂಡು ಬಂದರು. ವಕೀಲರ ಹತ್ತಿರ ಹೋಗುವಷ್ಟರಲ್ಲಿ ಅವಧಿ ಮುಗಿದಿತ್ತು. ಇನ್ನೊಂದು ವಿಷಯ: ಬರೀ ವಕೀಲರ ನೋಟಿಸ್ ಕಳಿಸಿದರೆ ಅವಧಿ ಬೆಳೆಯುವುದಿಲ್ಲ. ಮೂರು ವರ್ಷದೊಳಗೆ ಕೋರ್ಟಿನಲ್ಲಿ ದಾವಾ ಹೂಡಲೇಬೇಕು.

ಅವಧಿ ಮುಗಿದ ಸಾಲವನ್ನೂ 'ಕೊಡುತ್ತೇನೆ' ಅಂತ ಸಾಲಗಾರನೇ ಬರೆದು ಸಹಿ ಮಾಡಿದರೆ ಅದು ಕಾನೂನಿನಲ್ಲಿ ನಿಲ್ಲುತ್ತದೆ. ಆದರೆ ಸಾಲವೇ ಅಲ್ಲ ಅನ್ನುವವರು ಸಹಿ ಹಾಕ್ತಾರಾ! ಈಗ ಲೋಕ ಅದಾಲತ್‌ಗೆ ಅರ್ಜಿ ಹಾಕಿದ್ದೇವೆ. ಕೋರ್ಟ್ ಫೀ ಇಲ್ಲ. ಆದರೆ ಎರಡೂ ಕಡೆಯವರು ಒಪ್ಪಿದರಷ್ಟೇ ರಾಜಿ. ಚಿಕ್ಕಪ್ಪ ಇನ್ನೂ ಒಪ್ಪಿಲ್ಲ.

ನಿಮ್ಮ ನೋಟಿಗೆ ಇನ್ನೂ ಟೈಮ್ ಇದ್ದರೆ ಈಗಲೇ ಹೊಸದು ಬರೆಸಿಕೊಳ್ಳಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಹಳೇದನ್ನು ವಾಪಸ್ ಕೊಡುವ ಮುಂಚೆ ಹೊಸದರಲ್ಲಿ ಅಸಲು, ಬಾಕಿ ಬಡ್ಡಿ ಎರಡೂ ಸೇರಿದೆಯಾ, ಸ್ಟಾಂಪ್ ಅಂಟಿಸಿದೆಯಾ ನೋಡಿ. ಸ್ಟಾಂಪ್ ಇಲ್ಲದ ಪ್ರೋನೋಟನ್ನು ಕೋರ್ಟ್ ಸಾಕ್ಷ್ಯವಾಗಿ ತಗೊಳ್ಳುವುದಿಲ್ಲ, ಆಮೇಲೆ ದಂಡ ಕಟ್ಟಿ ಸರಿಮಾಡಿಸಲೂ ಆಗುವುದಿಲ್ಲ.