ವಾಚ್ ಹೇಳಿದ ಟೈಮ್, ಕಾಲು ಓಡಿದ ಟೈಮ್

ಎರಡು ವಾಚ್, ಒಂದು ಹಳೇ ಸೂತ್ರ. ಓಟದ ರೇಸನ್ನು ಎಷ್ಟು ಹೊತ್ತಿನಲ್ಲಿ ಮುಗಿಸುತ್ತೇವೆ ಎಂದು ಮೂರೂ ಮೊದಲೇ ಅಂದಾಜು ಹೇಳುತ್ತವೆ. ಮೂರನ್ನೂ ಒಂದೇ ಸೀಸನ್‌ನ ನಾಲ್ಕು ರೇಸ್‌ಗಳಲ್ಲಿ ಒರೆಗೆ ಹಚ್ಚಿ ನೋಡಿದೆ: 5ಕೆ (5 ಕಿಲೋಮೀಟರ್), 10ಕೆ, ಹಾಫ್ (ಅರ್ಧ ಮ್ಯಾರಥಾನ್, 21.1 ಕಿಲೋಮೀಟರ್), ಫುಲ್ (ಪೂರ್ಣ ಮ್ಯಾರಥಾನ್, 42.2 ಕಿಲೋಮೀಟರ್). ಪ್ರತಿ ರೇಸ್‌ನ ಹಿಂದಿನ ರಾತ್ರಿ ವಾಚ್‌ಗಳು ತೋರಿಸುತ್ತಿದ್ದ ಅಂದಾಜನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ರೇಸ್ ಮುಗಿದ ಕೂಡಲೇ ವಾಚ್ ತನ್ನ ಅಂಕಿಯನ್ನು ಸರಿಪಡಿಸಿಕೊಂಡುಬಿಡುತ್ತದೆ. ಆಮೇಲೆ ನೋಡಿದರೆ ಎಲ್ಲವೂ ಸರಿಯಾಗೇ ಹೇಳಿತ್ತು ಅನ್ನಿಸುತ್ತದೆ.

ಮೊದಲನೇ ವಾಚ್ ನಂಬಿರುವುದು ವಿಒ2 ಮ್ಯಾಕ್ಸ್ ಅನ್ನು. ಇಂತಿಷ್ಟು ವೇಗಕ್ಕೆ ಹೃದಯ ಎಷ್ಟು ಬಡಿಯಿತು, ಅದು ಗರಿಷ್ಠ ಬಡಿತದ ಶೇಕಡಾ ಎಷ್ಟು ಎಂದು ನೋಡಿ ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು (ಅದೇ ವಿಒ2 ಮ್ಯಾಕ್ಸ್) ಎಂದು ಊಹಿಸುತ್ತದೆ, ಅದರಿಂದ ಟೈಮ್ ತೆಗೆಯುತ್ತದೆ. ಎರಡನೇ ವಾಚ್ ಇದರ ಜೊತೆಗೆ ಕಳೆದ ಕೆಲವು ವಾರಗಳ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಟೈಮ್), ವಾರದ ಒಟ್ಟು ಕಿಲೋಮೀಟರ್, ಲಾಂಗ್ ರನ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೂರನೆಯದು ಪೀಟ್ ರೀಗಲ್ 1977ರಲ್ಲಿ ಕೊಟ್ಟ ಸೂತ್ರ. ಈಗಾಗಲೇ ಓಡಿದ ರೇಸ್‌ನ ಟೈಮನ್ನು ಎರಡು ದೂರಗಳ ಅನುಪಾತದ 1.06ನೇ ಘಾತದಿಂದ ಗುಣಿಸಿದರೆ ಆಯಿತು. ದೂರ ಎರಡರಷ್ಟಾದರೆ ಟೈಮ್ ಸುಮಾರು 2.085ರಷ್ಟಾಗುತ್ತದೆ. ಸೆನ್ಸರ್ ಇಲ್ಲ, ಚಾರ್ಜಿಂಗ್ ಇಲ್ಲ.

5ಕೆ ಓಡಿದ್ದು 25:10. ಮೊದಲನೇ ವಾಚ್ 24:05 ಎಂದಿತ್ತು, ಎರಡನೆಯದು 26:05. ಸೂತ್ರಕ್ಕೆ ಆಧಾರವಾಗಿ ಹಿಂದಿನ ರೇಸ್ ಇರಲಿಲ್ಲವಾದ್ದರಿಂದ ಅದರ ಸರದಿ 10ಕೆಯಿಂದ ಶುರು. ಅಲ್ಲಿ ನನ್ನ ಟೈಮ್ 52:00. ವಾಚ್‌ಗಳು 50:20 ಮತ್ತು 53:30 ಹೇಳಿದರೆ ಸೂತ್ರ 52:28ಕ್ಕೆ ಬಂದು ನಿಂತಿತು. ಬರೀ ಇಪ್ಪತ್ತೆಂಟು ಸೆಕೆಂಡಿನ ವ್ಯತ್ಯಾಸ! ಎರಡನೇ ವಾಚ್ ನನ್ನನ್ನು ನಿಧಾನ ಅಂದುಕೊಂಡದ್ದಕ್ಕೆ ಕಾರಣವಿದೆ. ನಾನು ದಿನನಿತ್ಯ ಓಡುವುದೇ ಆರಾಮಿನ ಪೇಸ್‌ನಲ್ಲಿ; ಪೂರ್ತಿ ದಮ್ಮು ಕಟ್ಟಿ ಓಡಿದ್ದನ್ನು ಅದು ಕಂಡೇ ಇರಲಿಲ್ಲ.

ಹಾಫ್‌ನಲ್ಲಿ ನಾನು 1:56:20. ಎರಡನೇ ವಾಚ್ 1:57:50, ಸೂತ್ರ 1:54:44. ಎರಡೂ ಪರವಾಗಿಲ್ಲ. ಮೊದಲನೆಯದು ಮಾತ್ರ 1:51:30, ಐದು ನಿಮಿಷದ ಹತ್ತಿರ ಹತ್ತಿರ ಆಚೆ.

ಫುಲ್ ಮ್ಯಾರಥಾನ್‌ನಲ್ಲಿ ಮೂರೂ ಸೋತವು. ಮೊದಲನೇ ವಾಚ್ 3:52, ಸೂತ್ರ 4:02, ಎರಡನೇ ವಾಚ್ 4:09. ನಾನು ಗೆರೆ ದಾಟಿದ್ದು 4:17:40ಕ್ಕೆ. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. 3:52ರ ಆಸೆಗೆ ಬಿದ್ದು ನಾನು ಕಿಲೋಮೀಟರಿಗೆ 5:36ರಂತೆ ಹೊರಟಿದ್ದೆ. ಅರ್ಧ ದೂರವನ್ನು 1:58ಕ್ಕೆ ಮುಗಿಸಿದೆ. ಮೂವತ್ತೆರಡನೇ ಕಿಲೋಮೀಟರಿನಲ್ಲಿ ತೊಡೆಗಳು ಕಲ್ಲಾದವು, ನಂತರದ್ದೆಲ್ಲ ಅರ್ಧ ಓಟ, ಅರ್ಧ ನಡಿಗೆ. ಎರಡನೇ ವಾಚ್‌ನ ಮಾತು ಕೇಳಿ 5:54ಕ್ಕೆ ಹೊರಟಿದ್ದರೆ ಬಹುಶಃ 4:10ರ ಆಸುಪಾಸಿನಲ್ಲಿ ಮುಗಿಸುತ್ತಿದ್ದೆ. ಅಂದಾಜು ತಪ್ಪಾದರೆ ಬರೀ ಅಂಕಿ ತಪ್ಪುವುದಿಲ್ಲ, ರೇಸೇ ಹಾಳಾಗುತ್ತದೆ. ನಾಲ್ಕು ತಿಂಗಳ ತಯಾರಿ ಅದು. ನನಗೆ ಇಂದಿಗೂ ಸಂಕಟವಾಗುತ್ತದೆ.

ಮೊದಲನೇ ವಾಚ್ ಯಾಕೆ ಇಷ್ಟು ಉಬ್ಬಿಸಿ ಹೇಳಿತು ಎಂದು ಆಮೇಲೆ ಹುಡುಕಿದೆ. ನನ್ನ ಗರಿಷ್ಠ ಬಡಿತವನ್ನು ಅದು 220ರಿಂದ ವಯಸ್ಸು ಕಳೆದು 179 ಎಂದು ಇಟ್ಟುಕೊಂಡಿತ್ತು. ಈ ಲೆಕ್ಕ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ಬಡಿತ ಅಳೆಯುವ ಎದೆಪಟ್ಟಿ ಕಟ್ಟಿಕೊಂಡು ಏರು ರಸ್ತೆಯಲ್ಲಿ ಮತ್ತೆ ಮತ್ತೆ ಜೋರಾಗಿ ಓಡಿದಾಗ ಬಡಿತ 171 ದಾಟಲೇ ಇಲ್ಲ. 150ರ ಬಡಿತದಲ್ಲಿ ನಾನು ಶೇಕಡಾ 88ರಷ್ಟು ದುಡಿಯುತ್ತಿದ್ದರೆ ವಾಚ್‌ಗೆ ಅದು 84 ಎಂದು ಕಾಣುತ್ತಿತ್ತು. ಇವನಲ್ಲಿ ಇನ್ನೂ ಶಕ್ತಿ ಉಳಿದಿದೆ ಎಂದುಕೊಂಡಿತು. ಆ ಒಂದು ಅಂಕಿ ತಿದ್ದಿ ಎರಡು ವಾರ ಓಡಿದ ಮೇಲೆ 10ಕೆ ಅಂದಾಜು 52:50ಕ್ಕೆ ಬಂತು. ಇದು ನಂಬಬಹುದಾದ ಅಂಕಿ. ವಾಚ್ ಯಾವುದೇ ಇರಲಿ, ಅಂದಾಜಿನ ಪುಟ ತೆರೆಯುವ ಮೊದಲು ಈ ಸೆಟ್ಟಿಂಗ್ ನೋಡಿಕೊಳ್ಳಿ.

ಆದರೆ ತಿದ್ದಿದ ಮೇಲೂ ಫುಲ್‌ನ ಅಂದಾಜು 4:02ರಲ್ಲೇ ನಿಂತಿತು. ವಿಒ2 ಮ್ಯಾಕ್ಸ್ ಎಂಜಿನ್ನಿನ ಗಾತ್ರ ಹೇಳುತ್ತದೆ, ನಾಲ್ಕನೇ ಗಂಟೆಯಲ್ಲಿ ಕಾಲು ಏನು ಮಾಡುತ್ತದೆ ಎಂದು ಹೇಳುವುದಿಲ್ಲ. ರೀಗಲ್ ಸೂತ್ರದ್ದೂ ಅದೇ ಕಥೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎರಡು ಸಾವಿರಕ್ಕೂ ಹೆಚ್ಚು ಹವ್ಯಾಸಿ ಓಟಗಾರರ ಟೈಮ್‌ಗಳನ್ನು ಪರಿಶೀಲಿಸಿತ್ತು. ಹಾಫ್‌ವರೆಗೆ ಸೂತ್ರ ಸರಿ, ಫುಲ್‌ಗೆ ಮಾತ್ರ ಅರ್ಧದಷ್ಟು ಮಂದಿಗೆ ಕನಿಷ್ಠ ಹತ್ತು ನಿಮಿಷ ವೇಗದ ಟೈಮ್ ಕೊಡುತ್ತದೆ ಎಂದು ಅದರಲ್ಲಿ ಕಂಡುಬಂತು. ನನ್ನ ಹಾಫ್ ಮತ್ತು ಫುಲ್ ಟೈಮ್‌ಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ನನ್ನ ಘಾತ 1.06 ಅಲ್ಲ, 1.15.

ಜಿಪಿಎಸ್ ಬಗ್ಗೆಯೂ ಒಂದು ಮಾತು. ರೇಸ್ ದಾರಿಯನ್ನು ಅತಿ ಹತ್ತಿರದ ಗೆರೆಯಲ್ಲಿ ಅಳೆದಿರುತ್ತಾರೆ, ನಾವು ತಿರುವುಗಳಲ್ಲಿ ಹೊರಗಿನಿಂದ ಸುತ್ತಿ ಓಡುತ್ತೇವೆ. ನನ್ನ ವಾಚ್‌ನಲ್ಲಿ 42.7 ಕಿಲೋಮೀಟರ್ ಆಗಿತ್ತು. ಅದು ತೋರಿಸುವ ಪೇಸನ್ನೇ ನಂಬಿದರೆ ನಾಲ್ಕು ಗಂಟೆಯ ಓಟದಲ್ಲಿ ಮೂರು ನಿಮಿಷ ಕೈತಪ್ಪುತ್ತದೆ.

ಆಯ್ಕೆ ಕೇಳಿದರೆ: 5ಕೆ, 10ಕೆ, ಹಾಫ್‌ಗೆ ಇತ್ತೀಚಿನ ಒಂದು ರೇಸ್ ಮತ್ತು ರೀಗಲ್ ಸೂತ್ರ ಸಾಕು. ಫುಲ್‌ಗೆ ಎರಡನೇ ವಾಚ್, ಅದರ ಮೇಲೆ ಇನ್ನೊಂದೈದು ನಿಮಿಷ.

ಆದರೆ ಈ ಐದು ನಿಮಿಷ ನನ್ನಂತೆ ಕಡಿಮೆ ಓಡುವವರ ಲೆಕ್ಕ. ನಾನು ವಾರಕ್ಕೆ ಓಡುತ್ತಿದ್ದುದು ಮೂವತ್ತೆಂಟು ಕಿಲೋಮೀಟರ್, ಅತಿ ಉದ್ದದ ಓಟ 28, ಅದೂ ಒಂದೇ ಸಲ. ನನ್ನ ಜೊತೆ ಓಡುವ ಗೆಳೆಯ ವಾರಕ್ಕೆ ಎಪ್ಪತ್ತು ಓಡುತ್ತಾನೆ. ಅವನ ಕೈಯಲ್ಲಿರುವುದೂ ಮೊದಲನೇ ವಾಚೇ. ಹಾಫ್‌ನಲ್ಲಿ 1:44 ಇದ್ದವನಿಗೆ ಸೂತ್ರ 3:36:50 ಹೇಳಿತ್ತು, ವಾಚ್ 3:34. ಅವನು ಅದೇ ಮ್ಯಾರಥಾನನ್ನು 3:39:10ಕ್ಕೆ ಮುಗಿಸಿದ.